ಪೀಚ್ ಕಾಬ್ಲರ್: ಮೇಲೆ ಕೆಂಪಗಾದರೂ ಅಡಿಯಲ್ಲಿ ಹಸಿಹಿಟ್ಟು ಉಳಿಯೋದು ಯಾಕೆ?

ಜಾರ್ಜಿಯಾ_ಅಡುಗೆಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಅಟ್ಲಾಂಟಾದಲ್ಲಿ ಈಗ ಪೀಚ್ ಸುಗ್ಗಿ. ಶನಿವಾರ ಕನ್ನಡ ಕೂಟದ ಪಾಟ್‌ಲಕ್‌ಗೆ (ಎಲ್ಲರೂ ಒಂದೊಂದು ಅಡುಗೆ ತರುವ ಊಟ) 12 ಜನಕ್ಕೆ ಆಗುವಷ್ಟು ಕಾಬ್ಲರ್, ಅಂದರೆ ಹಣ್ಣು ಮತ್ತು ಹಿಟ್ಟು ಒಟ್ಟಿಗೆ ಓವನ್‌ನಲ್ಲಿ ಬೇಯಿಸುವ ಸಿಹಿ, ಮಾಡಬೇಕು. ಕೈಯಲ್ಲಿರುವುದು 2 ಕಿಲೋ ಹಣ್ಣು, 9 ಬೈ 13 ಇಂಚಿನ ಗಾಜಿನ ಪಾತ್ರೆ, ಮಾಮೂಲಿ ಎಲೆಕ್ಟ್ರಿಕ್ ಓವನ್. ಮೊಟ್ಟೆ ತಿನ್ನದವರೂ ಬರುತ್ತಾರೆ, ಆದ್ದರಿಂದ ಮೊಟ್ಟೆ ಬೇಡ.

ಹುಡುಕಿದಾಗ ಎರಡು ಬಗೆ ಸಿಕ್ಕವು. ಒಂದರಲ್ಲಿ ಕರಗಿದ ಬೆಣ್ಣೆಯ ಮೇಲೆ ತೆಳು ಹಿಟ್ಟು ಹುಯ್ದು ಅದರ ಮೇಲೆ ಹಣ್ಣು ಹರಡುತ್ತಾರೆ. ಇನ್ನೊಂದರಲ್ಲಿ ಹಣ್ಣು ಕೆಳಗೆ, ಬಿಸ್ಕತ್ ಹಿಟ್ಟಿನ ಮುದ್ದೆಗಳು ಮೇಲೆ. ಎರಡರಲ್ಲಿ ಯಾವುದು ಸುಲಭ? ಹೊತ್ತುಕೊಂಡು ಹೋಗಿ ಬಡಿಸಲು ಯಾವುದು ಸರಿ?

ಇನ್ನೂ ಮೂರು ಪ್ರಶ್ನೆ. ಬಿಸ್ಕತ್ ಬಗೆಯಲ್ಲಿ ಮೇಲ್ಭಾಗ ಚೆನ್ನಾಗಿ ಕೆಂಪಗಾದರೂ ಅಡಿಯಲ್ಲಿ ಅಂಟಂಟು ಹಸಿಹಿಟ್ಟು ಉಳಿಯುತ್ತದೆ ಅಂತ ಎಲ್ಲ ಕಡೆ ದೂರು ಇದೆ, ಅದಕ್ಕೆ ಕಾರಣ ಏನು? ಹಣ್ಣಿನ ರಸ ನೀರು ನೀರಾಗದ ಹಾಗೆ ನೋಡಿಕೊಳ್ಳೋದು ಹೇಗೆ? ಸಕ್ಕರೆ ಎಷ್ಟರ ಮಟ್ಟಿಗೆ ಕಡಿಮೆ ಮಾಡಬಹುದು?

ಶಾರ್ಲಟ್_ಓವನ್

ಸುಲಭ ಅಂದರೆ ಮೊದಲನೆಯದೇ, ಬೆಣ್ಣೆಯ ಮೇಲೆ ಹಿಟ್ಟು ಹುಯ್ಯುವುದು. ಅಮೆರಿಕದ ದಕ್ಷಿಣ ರಾಜ್ಯಗಳ ಮನೆಗಳಲ್ಲಿ ಇದರ ಲೆಕ್ಕ ಬಾಯಿಪಾಠ: ಒಂದು ಕಪ್ ಮೈದಾ, ಒಂದು ಕಪ್ ಸಕ್ಕರೆ, ಒಂದು ಕಪ್ ಹಾಲು, ಒಂದು ಸ್ಟಿಕ್ ಬೆಣ್ಣೆ. ಇದರಲ್ಲಿ ಮೊಟ್ಟೆಯ ಮಾತೇ ಇಲ್ಲ. ತೂಕದಲ್ಲಿ ಹೇಳಿದರೆ ಹೀಗೆ:

ಮೈದಾ 125 ಗ್ರಾಂ
ಸಕ್ಕರೆ 150 ಗ್ರಾಂ (ಪೂರ್ತಿ ಕಪ್ ಅಂದರೆ 200, ಮಾಗಿದ ಪೀಚ್‌ಗೆ ಅಷ್ಟು ಬೇಕಾಗಿಲ್ಲ)
ಬೇಕಿಂಗ್ ಪೌಡರ್ 2 ಟೀ ಚಮಚ
ಉಪ್ಪು ಕಾಲು ಟೀ ಚಮಚ
ಹಾಲು 240 ಮಿ.ಲೀ., ಫ್ರಿಜ್‌ನಿಂದ ಮೊದಲೇ ತೆಗೆದಿಟ್ಟಿದ್ದು
ಬೆಣ್ಣೆ 113 ಗ್ರಾಂ
ಸಿಪ್ಪೆ, ಗೊರಟೆ ತೆಗೆದು ಹೋಳು ಮಾಡಿದ ಪೀಚ್ 800ರಿಂದ 900 ಗ್ರಾಂ
ಹಣ್ಣಿಗೆ ಬೇರೆಯಾಗಿ ಸಕ್ಕರೆ 50 ಗ್ರಾಂ, ನಿಂಬೆರಸ 1 ದೊಡ್ಡ ಚಮಚ

ಓವನ್ 350 ಡಿಗ್ರಿ ಫ್ಯಾರನ್‌ಹೀಟ್‌ಗೆ (177 ಸೆಲ್ಸಿಯಸ್) ಇಡಿ. ಹೋಳುಗಳನ್ನು 50 ಗ್ರಾಂ ಸಕ್ಕರೆ, ನಿಂಬೆರಸದ ಜೊತೆ ಬಾಣಲೆಯಲ್ಲಿ ಹಾಕಿ ಸಕ್ಕರೆ ಕರಗಿ ರಸ ಬಿಡುವ ತನಕ ಮಾತ್ರ ಬಿಸಿ ಮಾಡಿ. ನಾಲ್ಕೈದು ನಿಮಿಷ ಸಾಕು, ಹಣ್ಣು ಮೆತ್ತಗಾಗುವಷ್ಟು ಬೇಯಿಸಬೇಡಿ. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಉಪ್ಪನ್ನು ಬೆರೆಸಿ, ಹಾಲು ಹಾಕಿ ಗಂಟಿಲ್ಲದೆ ಕದಡಿ. ಹಿಟ್ಟು ದೋಸೆ ಹಿಟ್ಟಿಗಿಂತ ಸ್ವಲ್ಪ ತೆಳ್ಳಗಿರುತ್ತದೆ. ಪಾತ್ರೆಗೆ ಕರಗಿದ ಬೆಣ್ಣೆ, ಅದರ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಅಲ್ಲಲ್ಲಿ ಹಣ್ಣು ಮತ್ತು ಅದರ ರಸ. ಮುಖ್ಯವಾದ ಮಾತು: ಯಾವ ಹಂತದಲ್ಲೂ ಕಲಕಬಾರದು. ಓವನ್‌ನಲ್ಲಿ ಹಿಟ್ಟು ಉಬ್ಬಿ ಹಣ್ಣಿನ ಸುತ್ತ ಮೇಲೇಳುತ್ತದೆ, ಬೆಣ್ಣೆ ಅಂಚಿಗೆ ಸರಿದು ಅಂಚನ್ನು ಗರಿಗರಿಯಾಗಿ ಹುರಿಯುತ್ತದೆ. ಕಲಕಿದರೆ ಬೆಣ್ಣೆ ಹಿಟ್ಟಿನೊಳಗೆ ಸೇರಿ ಎಲ್ಲ ಒಂದೇ ಸಮ ಮೆತ್ತಗಿನ ಕೇಕ್ ಆಗುತ್ತದೆ. 50ರಿಂದ 60 ನಿಮಿಷ ಬೇಯಿಸಿ.

ನಿಮ್ಮದು ಗಾಜಿನ ಪಾತ್ರೆ, ಅದಕ್ಕೆ ಒಂದು ಎಚ್ಚರಿಕೆ. ಬಹಳ ಕಡೆ ಬೆಣ್ಣೆ ತುಂಡನ್ನು ಪಾತ್ರೆಯಲ್ಲೇ ಇಟ್ಟು ಓವನ್‌ನಲ್ಲಿ ಕರಗಿಸಿ, ಆ ಕಾದ ಪಾತ್ರೆಗೆ ಹಿಟ್ಟು ಹುಯ್ಯಿರಿ ಅಂತ ಬರೆದಿರುತ್ತಾರೆ. ಸ್ಟೀಲ್, ಎನಾಮೆಲ್, ಎರಕದ ಕಬ್ಬಿಣಕ್ಕೆ ಅದು ಸರಿ. ಗಾಜು ಹಾಗೆ ಮಾಡಿದರೆ ಬಿರುಕು ಬಿಡಬಹುದು. ಬೆಣ್ಣೆಯನ್ನು ಬೇರೆ ಕಡೆ ಕರಗಿಸಿ ತಣ್ಣಗಿರುವ ಗಾಜಿನ ಪಾತ್ರೆಗೆ ಹುಯ್ಯಿರಿ. ಅಂಚು ತುಸು ಕಡಿಮೆ ಗರಿಯಾಗುತ್ತದೆ, ಅಷ್ಟೇ ವ್ಯತ್ಯಾಸ.

ಈ ಬಗೆಯಲ್ಲಿ ಒಳಗೆ ಹಸಿ ಉಳಿದರೆ ಸಾಮಾನ್ಯವಾಗಿ ಹಣ್ಣು ಹೆಚ್ಚಾಗಿರುತ್ತದೆ. 900 ಗ್ರಾಂ ದಾಟಿದರೆ ಭಾರಕ್ಕೆ ಹಿಟ್ಟು ಮೇಲೇಳಲಾರದೆ ಅಡಿಯಲ್ಲೇ ಅಂಟಿಕೊಳ್ಳುತ್ತದೆ. ಇದೇ ಅಳತೆಯನ್ನು 8 ಇಂಚಿನ ಚೌಕ ಪಾತ್ರೆಗೆ ತುಂಬಿದರೂ ಅದೇ ಗತಿ, ಪದರ ದಪ್ಪವಾಗಿ ನಡುಭಾಗ ಬೇಯುವಷ್ಟರಲ್ಲಿ ಅಂಚು ಕಪ್ಪಾಗುತ್ತದೆ. ಹಾಲು ಫ್ರಿಜ್‌ನಿಂದ ನೇರ ಬಂದರೆ ಬೆಣ್ಣೆ ಅಲ್ಲಲ್ಲೇ ಹೆಪ್ಪುಗಟ್ಟಿ ಎಣ್ಣೆ ಎಣ್ಣೆ ಮಚ್ಚೆ ಬೀಳುತ್ತದೆ. ಬೇಕಿಂಗ್ ಪೌಡರ್ ಹಳೆಯದಾ ಅಂತ ಮೊದಲೇ ನೋಡಿ: ಅರ್ಧ ಚಮಚಕ್ಕೆ ಬಿಸಿನೀರು ಹಾಕಿದ ಕೂಡಲೇ ಜೋರಾಗಿ ನೊರೆ ಬರಬೇಕು.

ಸಕ್ಕರೆ: ಹಣ್ಣಿನದನ್ನು ಪೂರ್ತಿ ಬಿಟ್ಟರೂ ನಡೆಯುತ್ತದೆ. ಹಿಟ್ಟಿನದನ್ನು 100 ಗ್ರಾಂಗಿಂತ ಕೆಳಗೆ ಇಳಿಸಬೇಡಿ. ಬಣ್ಣ ಬರುವುದು, ಅಂಚು ಗರಿಯಾಗುವುದು ಅದರಿಂದಲೇ. ಇಳಿಸಿದರೆ ಬಿಳಚಿಕೊಂಡು ಬ್ರೆಡ್ಡಿನ ರುಚಿ ಬರುತ್ತದೆ.

ಸೆಲ್ಫ್ ರೈಸಿಂಗ್ ಮೈದಾ ಮನೆಯಲ್ಲಿದ್ದರೆ ಬೇಕಿಂಗ್ ಪೌಡರ್, ಉಪ್ಪು ಎರಡನ್ನೂ ಬಿಡಿ. ಅವು ಅದರಲ್ಲೇ ಇರುತ್ತವೆ.

ಬೆಣ್ಣೆ_ಹಿಟ್ಟು

ಮೇಲಿನದು ಚೆನ್ನಾಗಿದೆ, ಆದರೆ ಅದು ಹೆಚ್ಚು ಕೇಕ್, ಕಡಿಮೆ ಹಣ್ಣು. 2 ಕಿಲೋ ಒಳ್ಳೆ ಪೀಚ್ ಕೈಯಲ್ಲಿರುವಾಗ ನನ್ನ ಮತ ಬಿಸ್ಕತ್ ಬಗೆಗೆ. ಅಮೆರಿಕದ ಬಿಸ್ಕತ್ ಅಂದರೆ ಟೀಗೆ ಅದ್ದುವ ಬಿಸ್ಕತ್ತಲ್ಲ, ಮೇಲೆ ಗರಿ ಒಳಗೆ ಮೆದುವಾದ ಪುಟ್ಟ ಬನ್ನು. 9 ಬೈ 13 ಪಾತ್ರೆಗೆ ಸರಿಯಾಗಿ 12 ಕೂರುತ್ತವೆ, ತಲೆಗೊಂದು.

ನಿಮ್ಮ ಮೂಲ ಪ್ರಶ್ನೆಗೆ ಮೊದಲು ಉತ್ತರ. ಬಿಸ್ಕತ್ತಿನ ಮೇಲ್ಮೈಗೆ ಓವನ್ನಿನ 400 ಡಿಗ್ರಿ ಫ್ಯಾರನ್‌ಹೀಟ್ ಗಾಳಿ ನೇರ ತಾಗುತ್ತದೆ. ಅಡಿಭಾಗಕ್ಕೆ ಶಾಖ ಬರಬೇಕಾದ್ದು ಹಣ್ಣಿನ ಮೂಲಕ ಮಾತ್ರ, ಆ ಹಣ್ಣು ನೀರಿನ ಕುದಿಬಿಂದುವಿನ ಆಸುಪಾಸು ದಾಟುವುದೇ ಇಲ್ಲ. ತಣ್ಣಗಿರುವ ಹಣ್ಣಿನ ಮೇಲೆ ಹಿಟ್ಟು ಇಟ್ಟರೆ, ಹಣ್ಣು ಕಾದು ಕುದಿಯಲು ಅರ್ಧ ಗಂಟೆ ಬೇಕು. ಅಷ್ಟೂ ಹೊತ್ತು ಹಿಟ್ಟಿನ ಅಡಿ ಉಗುರುಬೆಚ್ಚಗಿನ ರಸದಲ್ಲಿ ಕೂತು ಅದನ್ನು ಹೀರಿಕೊಳ್ಳುತ್ತದೆ. ಮೇಲ್ಭಾಗ ಕೆಂಪಗಾಗಿದೆ ಅಂತ ನೀವು ಹೊರಗೆ ತೆಗೆಯುವಾಗ ಅಡಿ ಇನ್ನೂ ಬೇಯಲು ಶುರುವಾಗಿರುತ್ತದಷ್ಟೇ. ಜೊತೆಗೆ, ಹಿಟ್ಟನ್ನು ಅಂಚಿನಿಂದ ಅಂಚಿಗೆ ಮುಚ್ಚಳದ ಹಾಗೆ ಹರಡಿದರೆ ಹಣ್ಣಿನ ಹಬೆ ಹೊರಹೋಗಲು ದಾರಿ ಸಿಗದೆ ಹಿಟ್ಟಿಗೇ ಮರಳುತ್ತದೆ.

ಹಾಗಾಗಿ ಪರಿಹಾರ ಮೂರು, ಮೂರೂ ಬೇಕು. ಹಣ್ಣನ್ನು ಮೊದಲು ಒಂಟಿಯಾಗಿ ಓವನ್‌ನಲ್ಲಿ ಕಾಯಿಸಿ, ಅಂಚಿನಲ್ಲಿ ಗುಳ್ಳೆ ಕಾಣಿಸಿದ ಮೇಲೆ ಹಿಟ್ಟು ಇಡುವುದು. ಮುದ್ದೆಗಳ ನಡುವೆ ಅರ್ಧ ಇಂಚು ಬಿಡುವುದು. ಮುದ್ದೆಗಳನ್ನು ಒಂದು ಇಂಚಿಗಿಂತ ಎತ್ತರ ಮಾಡದಿರುವುದು.

ಹಣ್ಣಿಗೆ:
ಪೀಚ್ 2 ಕಿಲೋ (ಸಿಪ್ಪೆ, ಗೊರಟೆ ಹೋದ ಮೇಲೆ ಸುಮಾರು 1.6 ಕಿಲೋ ಉಳಿಯುತ್ತದೆ)
ಸಕ್ಕರೆ 120 ಗ್ರಾಂ
ನಿಂಬೆರಸ 2 ದೊಡ್ಡ ಚಮಚ
ಕಾರ್ನ್‌ಸ್ಟಾರ್ಚ್ 3 ದೊಡ್ಡ ಚಮಚ (24 ಗ್ರಾಂ)
ಉಪ್ಪು ಒಂದು ದೊಡ್ಡ ಚಿಟಿಕೆ

ಬಿಸ್ಕತ್ತಿಗೆ:
ಮೈದಾ 250 ಗ್ರಾಂ
ಸಕ್ಕರೆ 50 ಗ್ರಾಂ
ಬೇಕಿಂಗ್ ಪೌಡರ್ 2 ಟೀ ಚಮಚ
ಅಡುಗೆ ಸೋಡಾ ಅರ್ಧ ಟೀ ಚಮಚ
ಉಪ್ಪು ಅರ್ಧ ಟೀ ಚಮಚ
ಬೆಣ್ಣೆ 113 ಗ್ರಾಂ, ಉಪ್ಪಿಲ್ಲದ್ದು
ಅಂಗಡಿಯ ದಪ್ಪ ಬಟರ್‌ಮಿಲ್ಕ್ 240 ಮಿ.ಲೀ., ಫ್ರಿಜ್‌ನ ತಣ್ಣಗಿನದು

ಮೊದಲು ರಸದ ವಿಚಾರ. ಹೋಳುಗಳಿಗೆ ಸಕ್ಕರೆ ಬೆರೆಸಿ 30 ನಿಮಿಷ ಬಿಡಿ, ಆಮೇಲೆ ಜರಡಿಗೆ ಸುರಿದು ರಸ ಬಸಿಯಿರಿ. ಚೆನ್ನಾಗಿ ಮಾಗಿದ ಜಾರ್ಜಿಯಾ ಪೀಚ್ ಒಂದು ಕಪ್‌ಗೂ ಹೆಚ್ಚು ರಸ ಬಿಡಬಹುದು. ಅದರಲ್ಲಿ ಅರ್ಧ ಕಪ್ (120 ಮಿ.ಲೀ.) ಮಾತ್ರ ಇಟ್ಟುಕೊಂಡು, ಅದಕ್ಕೇ ಕಾರ್ನ್‌ಸ್ಟಾರ್ಚ್, ನಿಂಬೆರಸ, ಉಪ್ಪು ಕದಡಿ ಹೋಳುಗಳಿಗೆ ವಾಪಸ್ ಹಾಕಿ. ಒಂದೊಂದು ವರ್ಷದ, ಒಂದೊಂದು ಬುಟ್ಟಿಯ ಹಣ್ಣಿನಲ್ಲಿ ರಸ ಬೇರೆ ಬೇರೆ. ಹಾಗಾಗಿ ರಸವನ್ನು ಅಳೆಯದೆ ಸ್ಟಾರ್ಚ್ ಮಾತ್ರ ಅಳೆದರೆ ಒಮ್ಮೆ ಗೋಂದು, ಒಮ್ಮೆ ನೀರು. ಉಳಿದ ರಸವನ್ನು ಸಣ್ಣ ಪಾತ್ರೆಯಲ್ಲಿ ಅರ್ಧಕ್ಕೆ ಇಳಿಯುವ ತನಕ ಕುದಿಸಿಟ್ಟರೆ ಬಡಿಸುವಾಗ ಮೇಲೆ ಹಾಕಬಹುದು. ಚೆಲ್ಲಬೇಡಿ, ಹಣ್ಣಿನ ಅರ್ಧ ಪರಿಮಳ ಅದರಲ್ಲೇ ಇರುತ್ತದೆ.

ಓವನ್ 400 ಡಿಗ್ರಿ (204 ಸೆಲ್ಸಿಯಸ್), ಗಾಜಿಗೆ 375 (190) ಸಾಕು. ಹಣ್ಣನ್ನು ಪಾತ್ರೆಗೆ ಹರಡಿ, ಏನೂ ಮುಚ್ಚದೆ 20 ನಿಮಿಷ ಒಳಗಿಡಿ. ಪಾತ್ರೆಯ ಕೆಳಗೆ ಅಂಚಿರುವ ತಟ್ಟೆ ಇರಲಿ, ರಸ ಉಕ್ಕಿ ಓವನ್ ತಳಕ್ಕೆ ಬಿದ್ದರೆ ಸುಟ್ಟ ಸಕ್ಕರೆಯ ಹೊಗೆ ಮನೆಯೆಲ್ಲ ತುಂಬುತ್ತದೆ.

ಹಣ್ಣು ಕಾಯುವಾಗ ಹಿಟ್ಟು. ಬೆಣ್ಣೆ ಕರಗಿಸಿ ಐದು ನಿಮಿಷ ಆರಲು ಬಿಡಿ. ಅದನ್ನು ತಣ್ಣಗಿನ ಬಟರ್‌ಮಿಲ್ಕ್‌ಗೆ ಹುಯ್ದು ಚಮಚದಲ್ಲಿ ಕಲಕಿದರೆ ಬೆಣ್ಣೆ ಸಣ್ಣ ಸಣ್ಣ ಹರಳಾಗಿ ಗಟ್ಟಿಯಾಗುತ್ತದೆ. ಒಡೆದುಹೋಯಿತು ಅಂತ ಗಾಬರಿಯಾಗಬೇಡಿ, ಬೇಕಾದ್ದೇ ಅದು. ಆ ಹರಳುಗಳು ಓವನ್‌ನಲ್ಲಿ ಕರಗಿ ಹಬೆಯಾಡಿ ಬಿಸ್ಕತ್ತನ್ನು ಹಗುರ ಮಾಡುತ್ತವೆ. ತಣ್ಣಗಿನ ಬೆಣ್ಣೆಯನ್ನು ಬೆರಳಲ್ಲಿ ಉಜ್ಜಿ ಮೈದಾಗೆ ಸೇರಿಸುವ ಕೆಲಸ ಇದರಿಂದ ತಪ್ಪುತ್ತದೆ. ಈ ಮಿಶ್ರಣವನ್ನು ಒಣ ಪದಾರ್ಥಕ್ಕೆ ಹಾಕಿ, ಒಣಹಿಟ್ಟು ಕಾಣದಷ್ಟು ಮಾತ್ರ ಬೆರೆಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಬಿಸ್ಕತ್ ರಬ್ಬರ್ ಆಗುತ್ತದೆ.

ಹಣ್ಣಿನ ಅಂಚಿನಲ್ಲಿ ಗುಳ್ಳೆ ಬಂದ ಕೂಡಲೇ ಹೊರತೆಗೆದು, ಕಾಲು ಕಪ್ ಅಳತೆಯ 12 ಮುದ್ದೆ ಇಡಿ. ಮೇಲೆ ಒಂದು ಚಮಚ ಸಕ್ಕರೆ ಉದುರಿಸಿ. ಮತ್ತೆ 22ರಿಂದ 28 ನಿಮಿಷ. ಹಿಟ್ಟು ಕಲಸಿಟ್ಟು ಕಾಯಬೇಡಿ. ಬಟರ್‌ಮಿಲ್ಕ್ ತಾಗಿದ ಕ್ಷಣದಿಂದ ಸೋಡಾ ಕೆಲಸ ಶುರು ಮಾಡುತ್ತದೆ, ಕಾಲು ಗಂಟೆ ಇಟ್ಟರೆ ಅರ್ಧ ಗಾಳಿ ಹೋಗಿರುತ್ತದೆ.

ಬೆಂದಿದೆಯಾ ಅಂತ ಬಣ್ಣ ನೋಡಿ ತೀರ್ಮಾನಿಸಬೇಡಿ. ನಟ್ಟನಡುವಿನ ಮುದ್ದೆಯನ್ನು ಚಾಕುವಿನಿಂದ ಎತ್ತಿ ಅಡಿಭಾಗ ನೋಡಿ. ಥರ್ಮಾಮೀಟರ್ ಇದ್ದರೆ ಆ ಮುದ್ದೆಯ ಒಳಗೆ 200 ಡಿಗ್ರಿ ಫ್ಯಾರನ್‌ಹೀಟ್ (93 ಸೆಲ್ಸಿಯಸ್) ತೋರಿಸಬೇಕು. ಇನ್ನೊಂದು ಗುರುತು, ಪಾತ್ರೆಯ ಅಂಚಿನಲ್ಲಷ್ಟೇ ಅಲ್ಲ, ನಡುವಿನ ಸಂದುಗಳಲ್ಲೂ ರಸ ದಪ್ಪ ಗುಳ್ಳೆಯಾಗಿ ನಿಧಾನ ಕುದಿಯುತ್ತಿರಬೇಕು. ಕಾರ್ನ್‌ಸ್ಟಾರ್ಚ್ ಪೂರ್ತಿ ಗಟ್ಟಿಯಾಗುವುದು ಕುದಿಯ ಹತ್ತಿರ ಬಂದಾಗ. ನಡುಭಾಗ ಕುದಿಯದಿದ್ದರೆ ಎಷ್ಟು ಸ್ಟಾರ್ಚ್ ಹಾಕಿದ್ದರೂ ರಸ ತೆಳ್ಳಗೇ ಇರುತ್ತದೆ, ಬಾಯಿಗೆ ಪುಡಿ ಪುಡಿ ಅನಿಸುತ್ತದೆ. ಮೇಲ್ಭಾಗ ಬೇಗ ಕೆಂಪಾದರೆ ಫಾಯಿಲ್ ಹಾಳೆಯನ್ನು ಸಡಿಲವಾಗಿ ಹೊದಿಸಿ ಮುಂದುವರಿಸಿ.

ಹೊರತೆಗೆದ ಮೇಲೆ ಕನಿಷ್ಠ 40 ನಿಮಿಷ ಮುಟ್ಟಬೇಡಿ. ರಸ ಆರುತ್ತಾ ಇನ್ನಷ್ಟು ಗಟ್ಟಿಯಾಗುತ್ತದೆ. ಬಿಸಿಬಿಸಿ ಬಡಿಸಿದವರೇ ನೀರಾಯಿತು ಅಂತ ಹೆಚ್ಚು ದೂರುವುದು.

ಬಸವನಗುಡಿ_ಓಟಿಜಿ

ಬೆಂಗಳೂರಿನಲ್ಲಿ ಇದನ್ನೇ ಮಾಡುವವರಿಗೆ ಕೆಲವು ವಿಷಯ ಸೇರಿಸುತ್ತೇನೆ. ಇಲ್ಲಿನ ಪದಾರ್ಥಗಳಲ್ಲಿ ನಾಲ್ಕು ಕಡೆ ಎಡವುವ ಸಾಧ್ಯತೆ ಇದೆ.

ಒಂದು, ಮಜ್ಜಿಗೆ. ಅಮೆರಿಕದ ಬಟರ್‌ಮಿಲ್ಕ್ ದಪ್ಪ, ಹುಳಿ. ನಮ್ಮ ಮಜ್ಜಿಗೆ ಹಾಕಿದರೆ ಬರೀ ನೀರು ಹಾಕಿದ ಹಾಗೆ. 180 ಗ್ರಾಂ ಗಟ್ಟಿ ಮೊಸರಿಗೆ 60 ಮಿ.ಲೀ. ಹಾಲು ಸೇರಿಸಿ ಕಡೆದರೆ 240ರ ಬದಲಿಗೆ ಸರಿಹೋಗುತ್ತದೆ. ಮೊಸರು ತುಸು ಹುಳಿ ಬಂದಿದ್ದರೆ ಒಳ್ಳೆಯದು, ಸೋಡಾಗೆ ಹುಳಿ ಬೇಕು.

ಎರಡು, ಮೇಲಿನವರು ಕಾರ್ನ್‌ಸ್ಟಾರ್ಚ್ ಅಂದದ್ದು ನಮ್ಮ ಅಂಗಡಿಯಲ್ಲಿ ಸಿಗುವ ಬಿಳಿ ಕಾರ್ನ್ ಫ್ಲೋರ್. ಹಳದಿ ಮೆಕ್ಕೆಜೋಳದ ಹಿಟ್ಟಲ್ಲ. ಅದು ಇಲ್ಲದಿದ್ದರೆ ವೆನಿಲ್ಲಾ ಕಸ್ಟರ್ಡ್ ಪೌಡರ್ ಅಷ್ಟೇ ಅಳತೆಯಲ್ಲಿ ನಡೆಯುತ್ತದೆ. ಅದರಲ್ಲಿರುವುದು ಮುಖ್ಯವಾಗಿ ಇದೇ ಹಿಟ್ಟು, ಜೊತೆಗೆ ಬಣ್ಣ ಮತ್ತು ಪರಿಮಳ. ಮಾವು, ಪೀಚ್ ಎರಡಕ್ಕೂ ಹೊಂದುತ್ತದೆ.

ಮೂರು, ಬೆಣ್ಣೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಉಪ್ಪು ಬೆರೆಸಿದ ಟೇಬಲ್ ಬಟರ್. ಅದನ್ನು ಬಳಸಿದರೆ ಹಿಟ್ಟಿಗೆ ಬೇರೆ ಉಪ್ಪು ಹಾಕಬೇಡಿ. ಹಿಟ್ಟು ಹುಯ್ಯುವ ಬಗೆಗೆ ತುಪ್ಪವೂ ಆಗುತ್ತದೆ. ಆದರೆ ಬೆಣ್ಣೆಯಲ್ಲಿ ಸುಮಾರು ಐದನೇ ಒಂದು ಭಾಗ ಕೊಬ್ಬಲ್ಲದ್ದು, ಬಹುಪಾಲು ನೀರು. ಆದ್ದರಿಂದ 113 ಗ್ರಾಂ ಬೆಣ್ಣೆಗೆ 90 ಗ್ರಾಂ ತುಪ್ಪ ಸಾಕು. ಹೆಚ್ಚಾದರೆ ಮೇಲೆ ತೇಲುತ್ತದೆ.

ನಾಲ್ಕು, ಪಾತ್ರೆ. ಇಲ್ಲಿ ಕೇಕ್ ಟಿನ್ ಅಂದರೆ ಬಹುಪಾಲು ಬರೀ ಅಲ್ಯೂಮಿನಿಯಂ. ಹುಳಿ ಹಣ್ಣಿನ ರಸ ಅದರಲ್ಲಿ ಬೆಂದರೆ ಲೋಹದ ರುಚಿ ಬರುತ್ತದೆ, ಪಾತ್ರೆಯೂ ಕಪ್ಪಾಗುತ್ತದೆ. ಓವನ್‌ಗೆ ಆಗುವ ಗಾಜು, ಪಿಂಗಾಣಿ ಅಥವಾ ಸ್ಟೀಲ್ ಬಳಸಿ.

ಹಣ್ಣಿನ ವಿಷಯಕ್ಕೆ ಬಂದರೆ, ಹಿಮಾಚಲ, ಉತ್ತರಾಖಂಡದ ಪೀಚ್ ಬೇಸಿಗೆಯ ಕೊನೆಗೆ ಇಲ್ಲಿನ ಅಂಗಡಿಗೂ ಬರುತ್ತದೆ, ಆದರೆ ಗಟ್ಟಿಯಾಗಿರುವಾಗಲೇ ಕಿತ್ತದ್ದು. ಕಾಗದದ ಚೀಲದಲ್ಲಿ ಎರಡು ದಿನ ಹೊರಗಿಟ್ಟು ಮಾಗಿಸಿ. ಮಾಗದ ಪೀಚನ್ನು ಫ್ರಿಜ್‌ನಲ್ಲಿಟ್ಟರೆ ಒಳಗೆ ಹತ್ತಿಯ ಹಾಗೆ ಒಣಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ನನ್ನ ಕೇಳಿದರೆ ಇಲ್ಲಿ ಕಾಬ್ಲರ್‌ಗೆ ಹೇಳಿಮಾಡಿಸಿದ ಹಣ್ಣು ಪ್ಲಮ್. ಸಿಪ್ಪೆ ಸುಲಿಯಬೇಕಿಲ್ಲ, ಅದರ ಹುಳಿ ಬೆಣ್ಣೆಯ ಹಿಟ್ಟಿಗೆ ಎದುರಾಗಿ ನಿಲ್ಲುತ್ತದೆ, ಸಿಪ್ಪೆಯ ಬಣ್ಣ ರಸಕ್ಕಿಳಿದು ಕಡುಗೆಂಪಾಗುತ್ತದೆ. ಒಂದು ಕಿಲೋ ಪ್ಲಮ್‌ಗೆ ಸಕ್ಕರೆ 120 ಗ್ರಾಂ, ಕಾರ್ನ್ ಫ್ಲೋರ್ 2 ದೊಡ್ಡ ಚಮಚ, ನಿಂಬೆ ಬೇಡ.

ಮಾವಿನಲ್ಲಿ ತಳಿ ನೋಡಿ ಆರಿಸಿ. ಹಣ್ಣಾದ ತೋತಾಪುರಿ ಎಲ್ಲಕ್ಕಿಂತ ಸರಿ, ಹೋಳು ಹೋಳಾಗಿ ಉಳಿಯುತ್ತದೆ, ಹುಳಿಯೂ ಇದೆ. ಮಲ್ಲಿಕಾ, ಗಟ್ಟಿ ಬಾದಾಮಿ ಆಗುತ್ತವೆ, ಆದರೆ ಸಿಹಿ ಹೆಚ್ಚು. ರಸಪುರಿ ಹಾಕಬೇಡಿ, ಅದು ಸೀಕರಣೆಯ ಹಣ್ಣು, ಓವನ್‌ನಲ್ಲಿ ಪೂರ್ತಿ ಕರಗಿ ಹಿಟ್ಟಿನೊಳಗೆ ಹೋಗುತ್ತದೆ. 8 ಇಂಚಿನ ಪಾತ್ರೆಗೆ ಸಿಪ್ಪೆ, ಓಟೆ ತೆಗೆದ ಹೋಳು 800 ಗ್ರಾಂ, ಸಕ್ಕರೆ ತೋತಾಪುರಿಗೆ 50 ಗ್ರಾಂ, ಬಾದಾಮಿಗೆ ಒಂದೇ ಚಮಚ, ನಿಂಬೆರಸ 2 ದೊಡ್ಡ ಚಮಚ, ಕಾರ್ನ್ ಫ್ಲೋರ್ 1 ದೊಡ್ಡ ಚಮಚ, ಏಲಕ್ಕಿ ಪುಡಿ ಕಾಲು ಚಮಚ. ಮೇಲಿನ ಬಿಸ್ಕತ್ ಅಳತೆಯಲ್ಲಿ ಅರ್ಧ ಮಾಡಿ, ಆರು ಮುದ್ದೆ. ನೇರಳೆ ಹಣ್ಣು ಯಾರಾದರೂ ಕೇಳಿದರೆ, ಬೀಜ ಬಿಡಿಸುವ ಶ್ರಮಕ್ಕೆ ತಕ್ಕ ಫಲವಿಲ್ಲ, ಬೆಂದ ಮೇಲೂ ಒಗರು ಹೋಗುವುದಿಲ್ಲ.

ಓಟಿಜಿಯಲ್ಲಿ (ಮೇಜಿನ ಮೇಲಿಡುವ ಪುಟ್ಟ ಎಲೆಕ್ಟ್ರಿಕ್ ಓವನ್) ಮೇಲಿನ ಕಾಯುವ ಕಂಬಿ ತೀರಾ ಹತ್ತಿರ. 190 ಸೆಲ್ಸಿಯಸ್‌ಗೆ 15 ನಿಮಿಷ ಮುಂಚೆ ಕಾಯಿಸಿ, ಎರಡೂ ಕಂಬಿ ಹೊತ್ತಿರಲಿ, ಪಾತ್ರೆ ಕೆಳಗಿನಿಂದ ಎರಡನೇ ಸಾಲಿನಲ್ಲಿರಲಿ. ಹಣ್ಣು ಒಂಟಿಯಾಗಿ 20 ನಿಮಿಷ, ಹಿಟ್ಟು ಇಟ್ಟ ಮೇಲೆ 25ರಿಂದ 30. ಹನ್ನೆರಡನೇ ನಿಮಿಷಕ್ಕೇ ಮೇಲೆ ಬಣ್ಣ ಬರಬಹುದು, ಆಗ ಮೇಲಿನ ಕಂಬಿ ಆರಿಸಿ ಕೆಳಗಿನದರಲ್ಲೇ ಮುಗಿಸಿ. ಮೈಕ್ರೋವೇವ್ ಓವನ್ ಆದರೆ ಕನ್ವೆಕ್ಷನ್ ಮೋಡ್‌ನಲ್ಲಿ ಮಾತ್ರ, ಗಿಡ್ಡ ಸ್ಟ್ಯಾಂಡ್ ಮೇಲೆ. ಫ್ಯಾನ್ ಇರುವುದರಿಂದ 180 ಸಾಕು.

ನ್ಯೂಜೆರ್ಸಿ_ತೋಟ

ಮಧ್ಯೆ ಒಂದು ಪ್ರಶ್ನೆ. ನಮ್ಮ ಕಡೆ ಬ್ಲೂಬೆರಿ ಸುಗ್ಗಿ ಮುಗಿಯುತ್ತಾ ಬಂತು, ಫ್ರೀಜರ್‌ನಲ್ಲಿ ಒಂದಷ್ಟು ಕಟ್ಟಿಟ್ಟಿದೆ. ಅದನ್ನೇ ಹೀಗೆ ಮಾಡಬಹುದಾ? ಕರಗಿಸಿ ಹಾಕಬೇಕಾ, ಹಾಗೇ ಹಾಕಬೇಕಾ?

ಬೆಣ್ಣೆ_ಹಿಟ್ಟು

ಹಾಗೇ ಹಾಕಿ. ಕರಗಿಸಿದರೆ ಹಣ್ಣು ಕುಸಿದು ರಸವೆಲ್ಲ ತಟ್ಟೆಯಲ್ಲಿ ಉಳಿಯುತ್ತದೆ. 900 ಗ್ರಾಂ ಫ್ರೋಜನ್ ಬ್ಲೂಬೆರಿಗೆ ಸಕ್ಕರೆ 100 ಗ್ರಾಂ, ಕಾರ್ನ್‌ಸ್ಟಾರ್ಚ್ 3 ದೊಡ್ಡ ಚಮಚ, ನಿಂಬೆರಸ 1 ದೊಡ್ಡ ಚಮಚ. ಸ್ಟಾರ್ಚನ್ನು ಮೊದಲು ಸಕ್ಕರೆಗೆ ಬೆರೆಸಿ ಆಮೇಲೆ ಹಣ್ಣಿಗೆ ಹಾಕಿ, ನೇರ ಹಾಕಿದರೆ ಮಂಜುಗಟ್ಟಿದ ಹಣ್ಣಿಗೆ ಅಂಟಿ ಗಂಟಾಗುತ್ತದೆ. ಹಣ್ಣನ್ನು ಒಂಟಿಯಾಗಿ ಬೇಯಿಸುವ ಸಮಯ 20ರ ಬದಲು 35 ನಿಮಿಷ. ಒಮ್ಮೆ ನಡುವೆ ತೆಗೆದು ಕೈಯಾಡಿಸಿ, ಇಲ್ಲದಿದ್ದರೆ ಅಂಚು ಕುದಿಯುವಾಗ ನಡುಭಾಗ ಇನ್ನೂ ಮಂಜಾಗಿರುತ್ತದೆ. ಮಂಜಿನ ಹಣ್ಣನ್ನು ಗಾಜಿನ ಪಾತ್ರೆಗೆ ತುಂಬಿ ಬಿಸಿ ಓವನ್‌ಗೆ ಇಡಬೇಡಿ. ಲೋಹದ ಪಾತ್ರೆ ಇಲ್ಲದಿದ್ದರೆ ಒಲೆಯ ಮೇಲೆ ಬಾಣಲೆಯಲ್ಲಿ ಕುದಿ ಬರಿಸಿ ಪಾತ್ರೆಗೆ ಹಾಕಿ, ಆ ಪಾತ್ರೆ ಫ್ರಿಜ್‌ನ ತಂಪಲ್ಲಿರಬಾರದು, ಮೊದಲು ಬಿಸಿನೀರಲ್ಲಿ ತೊಳೆದು ಬೆಚ್ಚಗೆ ಮಾಡಿಕೊಳ್ಳಿ.

ತಾಜಾ ಬ್ಲೂಬೆರಿ, ಬ್ಲ್ಯಾಕ್‌ಬೆರಿಗೂ ಇದೇ ಲೆಕ್ಕ. ಸಿಹಿ ಚೆರಿಗೆ ಸ್ಟಾರ್ಚ್ 2 ದೊಡ್ಡ ಚಮಚ, ನಿಂಬೆರಸ 2 ದೊಡ್ಡ ಚಮಚ, ಸಕ್ಕರೆ ಅರ್ಧ. ಸ್ಟ್ರಾಬೆರಿಯನ್ನು ಮಾತ್ರ ಒಂಟಿಯಾಗಿ ಮಾಡಬೇಡಿ, ಬಣ್ಣ ಬಿಟ್ಟು ಬಿಳಚಿಕೊಂಡು ನೀರಾಗುತ್ತದೆ. ಪೀಚ್ ಅಥವಾ ರೂಬಾರ್ಬ್ (ಹುಳಿ ದಂಟು) ಜೊತೆ ಮೂರನೇ ಒಂದು ಪಾಲು ಸೇರಿಸಿದರೆ ಸರಿ.

ಜಾರ್ಜಿಯಾ_ಅಡುಗೆಮನೆ

ತುಂಬಾ ಉಪಕಾರವಾಯಿತು. ಬಿಸ್ಕತ್ ಬಗೆಯೇ ಮಾಡುತ್ತೇನೆ. ಎರಡು ಸಣ್ಣ ಪ್ರಶ್ನೆ ಉಳಿದಿದೆ. ಸಿಪ್ಪೆ ಸುಲಿಯಲೇಬೇಕಾ, 2 ಕಿಲೋ ಹಣ್ಣಿಗೆ ಸುಲಭ ದಾರಿ ಏನು? ಊಟ ಮಧ್ಯಾಹ್ನ 1 ಗಂಟೆಗೆ, ಹಾಲ್‌ಗೆ 40 ನಿಮಿಷದ ದಾರಿ. ಹಿಂದಿನ ರಾತ್ರಿಯೇ ಜೋಡಿಸಿಟ್ಟು ಬೆಳಿಗ್ಗೆ ಬೇಯಿಸಬಹುದಾ?

ಶಾರ್ಲಟ್_ಓವನ್

ಸುಲಿಯುವುದೇ ಒಳ್ಳೆಯದು. ಬೆಂದ ಮೇಲೆ ಸಿಪ್ಪೆ ಹೋಳಿನಿಂದ ಬಿಟ್ಟು ಸುರುಳಿ ಸುರುಳಿಯಾಗಿ ಬಾಯಿಗೆ ಸಿಗುತ್ತದೆ. ನೆಕ್ಟರಿನ್ (ನುಣುಪು ಸಿಪ್ಪೆಯ ಪೀಚ್) ಆದರೆ ಸಿಪ್ಪೆ ತೆಳು, ಸುಲಿಯದೆ ಬಿಡಬಹುದು. ಪ್ರತಿ ಪೀಚ್‌ನ ತುದಿಯಲ್ಲಿ ಚಾಕುವಿನಿಂದ ಅಡ್ಡಡ್ಡ ಎರಡು ಗೀರು ಹಾಕಿ, ಕುದಿಯುವ ನೀರಿಗೆ ನಾಲ್ಕೈದು ಹಣ್ಣು ಬಿಟ್ಟು 30ರಿಂದ 45 ಸೆಕೆಂಡು, ತೆಗೆದು ಐಸ್ ನೀರಿಗೆ. ಗೀರು ಹಾಕಿದ ಕಡೆಯಿಂದ ಬೆರಳಲ್ಲೇ ಜಾರಿ ಬರುತ್ತದೆ. ಒಂದು ನಿಮಿಷವಾದರೂ ಬರದಿದ್ದರೆ ಹಣ್ಣು ಮಾಗಿಲ್ಲ ಅಂತ ಅರ್ಥ, ಅಂಥದ್ದನ್ನು ಆಲೂಗಡ್ಡೆ ಸುಲಿಯುವ ಪೀಲರ್‌ನಲ್ಲಿ ಸುಲಿದು, ಹೋಳನ್ನು ತುಸು ತೆಳ್ಳಗೆ ಕತ್ತರಿಸಿ. ಮಾಗಿದ್ದರ ಹೋಳು ಮುಕ್ಕಾಲು ಇಂಚು ದಪ್ಪ ಇರಲಿ, ತೆಳ್ಳಗಾದರೆ ಬೆಂದು ಮುದ್ದೆಯಾಗುತ್ತದೆ.

ಜುಲೈನಲ್ಲಿ ನಿಮ್ಮಲ್ಲಿ ಸಿಗುವುದು ಬಹುಪಾಲು ಗೊರಟೆ ಬಿಡುವ ತಳಿ, ಎರಡು ಹೋಳು ಮಾಡಿ ತಿರುಚಿದರೆ ಸಾಕು. ಮೇ ತಿಂಗಳ ಮೊದಲ ಹಣ್ಣುಗಳು ಗೊರಟೆಗೆ ಕಚ್ಚಿಕೊಂಡಿರುತ್ತವೆ, ಅವನ್ನು ತಿರುಚದೆ ಗೊರಟೆಯ ಸುತ್ತ ಕತ್ತರಿಸಿಕೊಳ್ಳಬೇಕು. ಬಿಳಿ ಪೀಚ್ ಬುಟ್ಟಿಯಲ್ಲಿ ಸೇರಿದ್ದರೆ ಅವನ್ನು ಹಾಗೇ ತಿನ್ನಲು ಎತ್ತಿಡಿ. ಹುಳಿ ಕಡಿಮೆ, ಬೇಯಿಸಿದರೆ ಸಪ್ಪೆ.

ರಾತ್ರಿ ಪೂರ್ತಿ ಜೋಡಿಸಿಡಬೇಡಿ. ಹಿಟ್ಟು ರಾತ್ರಿಯಿಡೀ ರಸ ಕುಡಿದು, ಸೋಡಾ ಸತ್ತು, ಬೆಳಿಗ್ಗೆ ಉಬ್ಬುವುದೇ ಇಲ್ಲ. ಹೀಗೆ ಮಾಡಿ: ರಾತ್ರಿ ಹಣ್ಣು ಸುಲಿದು ಹೋಳು ಮಾಡಿ ನಿಂಬೆರಸ ಬೆರೆಸಿ ಮುಚ್ಚಿ ಫ್ರಿಜ್‌ನಲ್ಲಿಡಿ. ಸಕ್ಕರೆ ಈಗಲೇ ಬೇಡ. ಮೈದಾ, ಬೇಕಿಂಗ್ ಪೌಡರ್, ಸೋಡಾ, ಉಪ್ಪು, ಹಿಟ್ಟಿನ ಸಕ್ಕರೆ ಒಂದು ಡಬ್ಬಿಯಲ್ಲಿ ಬೆರೆಸಿಡಿ. ಬೆಳಿಗ್ಗೆ 8:30ಕ್ಕೆ ಹಣ್ಣು ಹೊರತೆಗೆದು ಸಕ್ಕರೆ ಹಾಕಿ, ರಸ ಬಸಿದು ಮುಂದಿನದು. ನಿಂಬೆರಸ ಆಗಲೇ ಹಣ್ಣಿನಲ್ಲಿರುವುದರಿಂದ ಮತ್ತೆ ಹಾಕಬೇಡಿ. 9:30ಕ್ಕೆ ಓವನ್‌ಗೆ ಹೋದರೆ 10:30ರ ಒಳಗೆ ಹೊರಗೆ ಬರುತ್ತದೆ, ಹೊರಡುವ ಹೊತ್ತಿಗೆ ರಸ ನಿಂತಿರುತ್ತದೆ. ಬಿಸಿ ಇರುವಾಗ ಫಾಯಿಲ್ ಬಿಗಿಯಾಗಿ ಕಟ್ಟಬೇಡಿ, ಹಬೆ ಕೂತು ಬಿಸ್ಕತ್ತಿನ ಗರಿ ಹೋಗುತ್ತದೆ. ಕಾರಿನಲ್ಲಿ ಸಮತಟ್ಟಾದ ನೆಲದ ಮೇಲೆ, ಅಂಚಿರುವ ತಟ್ಟೆಯೊಳಗೆ ಇಡಿ, ಸೀಟಿನ ಮೇಲೆ ಬೇಡ.

ಅಲ್ಲಿ ಓವನ್ ಇದ್ದರೆ 325 ಡಿಗ್ರಿಯಲ್ಲಿ ಮುಚ್ಚದೆ 15 ನಿಮಿಷ ಬಿಸಿ ಮಾಡಿ. ಮೈಕ್ರೋವೇವ್ ಮಾತ್ರ ಇದ್ದರೆ ಬಿಸಿ ಮಾಡದೆ ಹಾಗೇ ಬಡಿಸಿ, ವೆನಿಲ್ಲಾ ಐಸ್‌ಕ್ರೀಮ್ ಜೊತೆ ಕೊಟ್ಟರೆ ಉಗುರುಬೆಚ್ಚಗಿನದೇ ಚೆನ್ನ. ಉಳಿದದ್ದು ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಎರಕದ ಕಬ್ಬಿಣದಲ್ಲೋ ಫಾಯಿಲ್ ಟ್ರೇಯಲ್ಲೋ ಮಾಡಿದ್ದರೆ ಮಾತ್ರ ಬೇರೆ ಡಬ್ಬಿಗೆ ತೆಗೆದಿಡಿ.

ಜಾರ್ಜಿಯಾ_ಅಡುಗೆಮನೆ

ಒಂದೇ ಸಣ್ಣ ಅನುಮಾನ: ಅಂಗಡಿಯಿಂದ ತಂದ ಬಟರ್‌ಮಿಲ್ಕ್ ಕಡಿಮೆ ಕೊಬ್ಬಿನದು. ನಡೆಯುತ್ತದಾ?

ಬೆಣ್ಣೆ_ಹಿಟ್ಟು

ನಡೆಯುತ್ತದೆ, ಇಲ್ಲಿ ಸಿಗುವುದರಲ್ಲಿ ಹೆಚ್ಚಿನವು ಅವೇ. ಬೇಕಾದ್ದು ಅದರ ಹುಳಿ ಮತ್ತು ತಂಪು. 240 ಮಿ.ಲೀ.ನಲ್ಲಿ ಎರಡು ಚಮಚ ಉಳಿಸಿಕೊಂಡು ಕಲಸಿ, ಮುದ್ದೆ ಚಮಚದಿಂದ ಜಾರದಷ್ಟು ಗಟ್ಟಿಯಾಗಿದ್ದರೆ ಮಾತ್ರ ಉಳಿದದ್ದು ಹಾಕಿ. ಮೈದಾವನ್ನು ಕಪ್‌ನಿಂದ ಅಳೆಯುತ್ತಿದ್ದರೆ ಚೀಲಕ್ಕೇ ಕಪ್ ಅದ್ದಬೇಡಿ, ಒಂದು ಕಪ್‌ಗೆ 20ರಿಂದ 25 ಗ್ರಾಂ ಹೆಚ್ಚು ಬೀಳುತ್ತದೆ. ಚಮಚದಲ್ಲಿ ತುಂಬಿ ಚಾಕುವಿನಿಂದ ಮಟ್ಟ ಮಾಡಿ.